ಕಾರಿನಲ್ಲಿ ಹ್ಯಾಮ್ ಸೆಟ್: ಮೊದಲು ತಂತಿ, ಆಮೇಲೆ ಆಂಟೆನಾ, ಕೊನೆಗೆ ಸೆಟ್

ಪ್ರಶ್ನೆ: ಉಡುಪಿಯಲ್ಲಿ ಮನೆ, ಮಂಗಳೂರಿನಲ್ಲಿ ಕೆಲಸ. ಈ ವರ್ಷ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಸಿಕ್ಕಿತು. ಹ್ಯಾಮ್ ಸ್ನೇಹಿತರೊಬ್ಬರಿಂದ 50 ವ್ಯಾಟಿನ ಎರಡು ಮೀಟರ್ (144ರಿಂದ 146 ಮೆಗಾಹರ್ಟ್ಸ್ ಬ್ಯಾಂಡಿನ) ರೇಡಿಯೊ ಸೆಟ್ ಕೊಂಡು ಕಾರಿಗೆ ಹಾಕಿದ್ದೇನೆ. ಕರೆಂಟ್ ಸಿಗರೇಟ್ ಲೈಟರ್ ಸಾಕೆಟ್ಟಿನಿಂದ. ಮ್ಯಾಗ್ನೆಟ್ ಆಂಟೆನಾವನ್ನು ಚಾವಣಿಯ ಹಿಂದಿನ ಅಂಚಿಗೆ ಕೂರಿಸಿದ್ದೇನೆ. ಲೋ ಪವರಿನಲ್ಲಿ ಕೆಲಸ ಮಾಡುತ್ತದೆ. ಹೈ ಪವರಿಗೆ ಹಾಕಿ ಮೈಕ್ ಒತ್ತಿದರೆ ಸೆಟ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ನನ್ನ ಮಾತಿನ ಹಿಂದೆ ಕುಂಯ್ ಎಂಬ ಸದ್ದು ಇದೆ ಎಂದು ಬೇರೆಯವರು ಹೇಳುತ್ತಾರೆ. ತೀರ್ಥಹಳ್ಳಿಯ ಮಾವನ ಮನೆಗೆ ಹೋಗುವಾಗ ಹೆಬ್ರಿ ದಾಟಿದ ಮೇಲೆ ಏನೂ ಕೇಳುವುದಿಲ್ಲ. ಜಾಸ್ತಿ ಪವರಿನ ಹೊಸ ಸೆಟ್ ತೆಗೆದುಕೊಳ್ಳುವುದು ಒಳ್ಳೆಯದಾ?

ಉತ್ತರ: ಬೇಡ, ಈಗ ತೆಗೆದುಕೊಳ್ಳಬೇಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದೂ ಸೆಟ್ಟಿನದ್ದಲ್ಲ. ಮೊದಲ ಎರಡು ತಂತಿಯದ್ದು, ಮೂರನೆಯದ್ದು ಘಟ್ಟದ್ದು. ಆಂಟೆನಾ ಕೂರಿಸಿದ ಜಾಗವೂ ಸರಿಯಿಲ್ಲ, ಅದರ ನಷ್ಟ ನಿಮಗಿನ್ನೂ ಗೊತ್ತಾಗಿಲ್ಲ ಅಷ್ಟೆ. ಹೊಸ ಸೆಟ್ಟಿಗೆಂದು ಇಟ್ಟ ದುಡ್ಡಿನಲ್ಲಿ ಒಂದು ಸಣ್ಣ ಪಾಲನ್ನು ಒಳ್ಳೆಯ ತಾಮ್ರದ ತಂತಿಗೂ ಆಂಟೆನಾಕ್ಕೂ ಹಾಕಿ. ಕಾರಿನಿಂದ ನಿಮ್ಮ ದನಿಯನ್ನು ದೂರ ಮುಟ್ಟಿಸುವುದು ಇವೆರಡೇ. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ಮಳೆ ಮೊದಲು ಕೈ ಹಾಕುವುದೂ ಇವಕ್ಕೇ.

ಸೆಟ್ ಆಫ್ ಆಗುವ ವಿಚಾರ ಮೊದಲು ನೋಡೋಣ. ಮೊಬೈಲ್ ಸೆಟ್ಟುಗಳನ್ನು 13.8 ವೋಲ್ಟಿಗೆ ಮಾಡಿರುತ್ತಾರೆ. ಸಾಮಾನ್ಯವಾಗಿ ಶೇಕಡಾ 15ರಷ್ಟು ಹೆಚ್ಚುಕಡಿಮೆ ತಡೆದುಕೊಳ್ಳುತ್ತವೆ, ಅಂದರೆ ಸುಮಾರು 11.7 ವೋಲ್ಟಿನವರೆಗೆ ಸರಿ. 50 ವ್ಯಾಟ್ ಹೊರಗೆ ಕಳಿಸುವಾಗ ಸೆಟ್ ಬ್ಯಾಟರಿಯಿಂದ ಎಳೆಯುವುದು 10ರಿಂದ 12 ಆಂಪಿಯರ್. ಲೈಟರ್ ಸಾಕೆಟ್ಟಿನ ಫ್ಯೂಸ್ ಇರುವುದೇ 10 ಅಥವಾ 15 ಆಂಪಿಯರಿನದ್ದು, ಅದರ ಹಿಂದಿನ ವೈರ್ ಸಣ್ಣದು, ಸಾಕೆಟ್ಟಿನೊಳಗಿನ ಸ್ಪ್ರಿಂಗ್ ಹಿಡಿತವೂ ಸಡಿಲ. ಉದ್ದದ ಹೋಸ್ ಪೈಪಿನ ತುದಿಯಲ್ಲಿ ನೀರಿನ ಒತ್ತಡ ಬಿದ್ದುಹೋಗುವ ಹಾಗೆ ಇಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ನೀವು ಮೈಕ್ ಒತ್ತಿದಾಗ ಸೆಟ್ಟಿಗೆ 11 ವೋಲ್ಟೂ ಸಿಗುವುದಿಲ್ಲ, ಅದು ಮಲಗುತ್ತದೆ. ಮೈಕ್ ಬಿಟ್ಟ ಹಾಗೆ ವೋಲ್ಟೇಜ್ ಏರುತ್ತದೆ, ಮತ್ತೆ ಎದ್ದು ಕೂರುತ್ತದೆ. ನಂಬಿಕೆ ಬರಬೇಕಾದರೆ ಒಂದು ಮಲ್ಟಿಮೀಟರನ್ನು ಸೆಟ್ಟಿನ ಹಿಂದಿನ ಪವರ್ ಕನೆಕ್ಟರಿಗೆ ಹಿಡಿದು ಮೈಕ್ ಒತ್ತಿ ನೋಡಿ. ಬ್ಯಾಟರಿಯ ಮೇಲೆ ಹಿಡಿದು ನೋಡಿದರೆ ಗೊತ್ತಾಗುವುದಿಲ್ಲ, ಅಲ್ಲಿ ವೋಲ್ಟೇಜ್ ಸರಿಯಾಗಿಯೇ ಇರುತ್ತದೆ.

ಹಾಗಾಗಿ ಕರೆಂಟ್ ನೇರವಾಗಿ ಬ್ಯಾಟರಿಯಿಂದಲೇ ಬರಬೇಕು. ವೈರ್ ದಪ್ಪ ಎಷ್ಟಿರಬೇಕು ಅಂತ ಲೆಕ್ಕ ಹಾಕಿ. ಬ್ಯಾಟರಿಯಿಂದ ಸೆಟ್ಟಿಗೆ 5 ಮೀಟರ್ ಅಂದುಕೊಂಡರೆ ಹೋಗಿ ಬರುವುದಕ್ಕೆ 10 ಮೀಟರ್ ತಾಮ್ರ. 2.5 ಸ್ಕ್ವೇರ್ ಎಂಎಂ ವೈರಾದರೆ 12 ಆಂಪಿಯರಿಗೆ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. 4 ಸ್ಕ್ವೇರ್ ಎಂಎಂ ಆದರೆ ಸುಮಾರು ಅರ್ಧ ವೋಲ್ಟ್. ನಿಮಗೆ 4 ಸಾಕು, ಡಿಕ್ಕಿಯವರೆಗೆ ಎಳೆಯುವುದಾದರೆ 6 ಹಾಕಿ. ಮನೆ ವೈರಿಂಗಿನ ಅಂಗಡಿಯಲ್ಲಿ ಸಿಗುವ ವೈರನ್ನು ಇಂಜಿನ್ ಪಕ್ಕ ಬರಿದೇ ಬಿಡಬೇಡಿ, ಅಲ್ಲಿನ ಬಿಸಿಗೆ ಅದರ ಪ್ಲಾಸ್ಟಿಕ್ ನಿಲ್ಲುವುದಿಲ್ಲ. ವಾಹನಕ್ಕೆಂದೇ ಮಾಡಿದ ವೈರ್ ತನ್ನಿ, ಮೇಲೆ ಸುಕ್ಕುಸುಕ್ಕಿನ ಕಪ್ಪು ಸ್ಲೀವ್ ಹಾಕಿಸಿ.

ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೆ ಇರಬೇಕು. ಈ ಮಾತನ್ನು ಸಡಿಲ ಮಾಡಬೇಡಿ. ಫ್ಯೂಸ್ ಕಾಯುವುದು ಸೆಟ್ಟನ್ನಲ್ಲ, ವೈರನ್ನು. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ಹರಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಆ ಒಂದು ಜಾಗಕ್ಕೆ ನುಗ್ಗುತ್ತದೆ, ಬೆಂಕಿ ಹತ್ತುವುದಕ್ಕೆ ಹೆಚ್ಚು ಹೊತ್ತು ಬೇಡ. ಫ್ಯೂಸ್ ಸೆಟ್ಟಿನ ಹತ್ತಿರ ಇದ್ದರೆ ಅದರ ಹಿಂದಿನ ನಾಲ್ಕು ಮೀಟರಿಗೆ ಕಾವಲೇ ಇಲ್ಲ. ತಗಡು ದಾಟಿಸಲು ಹೊಸ ತೂತು ಕೊರೆಯುವ ಮೊದಲು ಕಾರಿನಲ್ಲೇ ಇರುವ ರಬ್ಬರ್ ಬಿರಡೆಗಳನ್ನು ಹುಡುಕಿ, ಒಂದಾದರೂ ಸಿಗುತ್ತದೆ. ಫ್ಯೂಸ್ ಎಷ್ಟು ಆಂಪಿಯರಿನದ್ದು ಅಂದರೆ, ಸೆಟ್ಟಿನ ಜತೆ ಬಂದ ವೈರಿನಲ್ಲಿ ಇದ್ದಷ್ಟೇ. ಸಾಮಾನ್ಯವಾಗಿ ಅದು 15 ಅಥವಾ 20 ಇರುತ್ತದೆ.

ನೆಗೆಟಿವ್ ತಂತಿಯ ಬಗ್ಗೆ ಹಳೆಯ ಪುಸ್ತಕಗಳು ನೇರ ಬ್ಯಾಟರಿಯ ಟರ್ಮಿನಲ್ಲಿಗೇ ಹಾಕಿ ಅನ್ನುತ್ತವೆ. ಈಗಿನ ಎಷ್ಟೋ ಕಾರುಗಳಲ್ಲಿ, ಅದರಲ್ಲೂ ಸಿಗ್ನಲಿನಲ್ಲಿ ಇಂಜಿನ್ ತಾನೇ ನಿಲ್ಲುವ ಕಾರುಗಳಲ್ಲಿ, ನೆಗೆಟಿವ್ ಟರ್ಮಿನಲ್ಲಿನ ಮೇಲೆ ಕರೆಂಟ್ ಅಳೆಯುವ ಸಣ್ಣ ಸೆನ್ಸರ್ ಇರುತ್ತದೆ. ನಿಮ್ಮ ಸೆಟ್ಟಿನ ಕರೆಂಟ್ ಅದನ್ನು ತಪ್ಪಿಸಿಕೊಂಡು ಹೋದರೆ ಕಾರಿನ ಚಾರ್ಜಿಂಗ್ ಲೆಕ್ಕ ಕೆಡುತ್ತದೆ. ಆದ್ದರಿಂದ ಬ್ಯಾಟರಿಯ ದಪ್ಪ ನೆಗೆಟಿವ್ ಕೇಬಲ್ ಬಾಡಿಗೆ ಬೋಲ್ಟ್ ಆಗಿರುವ ಜಾಗ ಹುಡುಕಿ, ಅಲ್ಲಿ ಬಣ್ಣ ಕೆರೆದು, ಲಗ್ ಒತ್ತಿಸಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಉಪ್ಪುಗಾಳಿಗೆ ಬರಿ ಲೋಹವನ್ನು ಒಡ್ಡಿ ಬಿಟ್ಟರೆ ಒಂದೇ ಮಳೆಗಾಲಕ್ಕೆ ಅಲ್ಲಿ ತುಕ್ಕು ಕೂತಿರುತ್ತದೆ.

ನೇರ ಬ್ಯಾಟರಿಗೆ ಹಾಕಿದರೆ ಒಂದು ಎಚ್ಚರ ಬೇಕು. ಕೀ ತೆಗೆದರೂ ಸೆಟ್ ಆನ್ ಇರುತ್ತದೆ. ಸುಮ್ನೆ ಕೇಳುತ್ತಾ ಕೂತಿದ್ದರೂ ಅರ್ಧ ಆಂಪಿಯರ್ ಹತ್ತಿರ ಖರ್ಚು. ಸಣ್ಣ ಕಾರಿನ 35 ಆಂಪಿಯರ್ ಅವರಿನ ಬ್ಯಾಟರಿಯನ್ನು ಎರಡು ಮೂರು ದಿನ ಹಾಗೆ ಬಿಟ್ಟರೆ ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ. ಇದಕ್ಕೆ ನಾಲ್ಕು ಕಾಲಿನ ಮಾಮೂಲಿ 40 ಆಂಪಿಯರ್ ರಿಲೇ ಸಾಕು, ಹೆಡ್‌ಲೈಟಿಗೆ ಹಾಕುವಂಥದ್ದು. ಅದರ ಕಾಲುಗಳ ಪಕ್ಕ ನಂಬರ್ ಬರೆದಿರುತ್ತದೆ. 30ಕ್ಕೆ ಫ್ಯೂಸ್ ದಾಟಿ ಬಂದ ಬ್ಯಾಟರಿ ವೈರ್, 87ರಿಂದ ಸೆಟ್ಟಿಗೆ, 86ಕ್ಕೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಒಂದು ಸಣ್ಣ ವೈರ್, 85 ಬಾಡಿಗೆ. ಗ್ಯಾರೇಜಿನ ಎಲೆಕ್ಟ್ರಿಷಿಯನ್ನಿಗೆ ಇದು ದಿನನಿತ್ಯದ ಕೆಲಸ.

ಇಷ್ಟು ಮಾಡಿದರೆ ಆ ಕುಂಯ್ ಸದ್ದೂ ಬಹುಮಟ್ಟಿಗೆ ಹೋಗುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಅದರ ಸ್ವರ ಏರುತ್ತದೆಯಾ ಅಂತ ನಿಮ್ಮ ಮಾತು ಕೇಳುವವರನ್ನು ಕೇಳಿ. ಏರಿದರೆ ಅದು ಆಲ್ಟರ್ನೇಟರಿನದ್ದು. ಲೈಟರ್ ಸಾಕೆಟ್ಟಿನ ವೈರನ್ನು ಕಾರಿನ ಬೇರೆ ಉಪಕರಣಗಳೂ ಹಂಚಿಕೊಂಡಿರುತ್ತವೆ, ಆ ಗಲಾಟೆಯೆಲ್ಲ ನಿಮ್ಮ ಮೈಕಿನ ದನಿಗೆ ಸೇರುತ್ತದೆ. ಬ್ಯಾಟರಿಯಿಂದ ನೇರ ಎಳೆದ ಮೇಲೂ ಸದ್ದು ಉಳಿದರೆ ಪವರ್ ವೈರಿಗೆ ಆಲ್ಟರ್ನೇಟರ್ ಸದ್ದು ತಡೆಯುವ ಫಿಲ್ಟರ್ ಹಾಕಿ. ಆಗಲೂ ಹೋಗದಿದ್ದರೆ ಆಲ್ಟರ್ನೇಟರಿನ ಡಯೋಡ್ ಪರೀಕ್ಷೆ ಮಾಡಿಸಿ, ಅದು ಕಾರಿನ ಆರೋಗ್ಯಕ್ಕೂ ಒಳ್ಳೆಯದೇ.

ಈಗ ಆಂಟೆನಾ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ 50 ವ್ಯಾಟನ್ನು 100 ಮಾಡಿದರೆ ಸಿಗುವ ಲಾಭ ಬರೀ 3 ಡೆಸಿಬೆಲ್. ಕೇಳುವವರ ಸೆಟ್ಟಿನ ಸಿಗ್ನಲ್ ಮೀಟರಿನಲ್ಲಿ ಅರ್ಧ ಅಂಕೆಯಷ್ಟು ಏರಿಕೆ. ಆಂಟೆನಾ ಕೂರಿಸುವ ಜಾಗ ಸರಿ ಮಾಡಿದರೆ ಅಷ್ಟು ಲಾಭ ಒಂದು ಪೈಸೆ ಖರ್ಚಿಲ್ಲದೆ ಬರಬಹುದು. ಅದೂ ಮಾತಾಡುವಾಗ ಮಾತ್ರ ಅಲ್ಲ, ಕೇಳುವಾಗಲೂ.

ಕಾರಿನ ಕಡ್ಡಿ ಆಂಟೆನಾ ಅರ್ಧ ಮಾತ್ರ. ಉಳಿದ ಅರ್ಧ ಅದರ ಕೆಳಗಿನ ತಗಡು. ಚಾವಣಿಯ ಮಧ್ಯದಲ್ಲಿ ಕೂರಿಸಿದರೆ ಸುತ್ತಲೂ ತಗಡು ಸಿಗುತ್ತದೆ, ಸಿಗ್ನಲ್ ನಾಲ್ಕೂ ದಿಕ್ಕಿಗೆ ಸಮನಾಗಿ ಹೋಗುತ್ತದೆ. ನೀವು ಕೂರಿಸಿದ ಹಿಂದಿನ ಅಂಚಿನಲ್ಲಿ ತಗಡು ಇರುವುದು ಮುಂದುಗಡೆ ಮಾತ್ರ. ಸಿಗ್ನಲ್ ಮುಂದಕ್ಕೆ ವಾಲುತ್ತದೆ, ಹಿಂದಕ್ಕೆ ಸೊರಗುತ್ತದೆ. ಅಂದರೆ ಬೆಳಿಗ್ಗೆ ಪಡುಬಿದ್ರಿ ದಾಟಿ ಮಂಗಳೂರಿಗೆ ಹೋಗುವಾಗ ಮಂಗಳೂರಿನವರಿಗೆ ಚೆನ್ನಾಗಿ ಕೇಳುವ ನೀವು, ಸಂಜೆ ಉಡುಪಿ ಕಡೆ ಮುಖ ಮಾಡಿ ಬರುವಾಗ ಅದೇ ಪಡುಬಿದ್ರಿಯಿಂದ ಅವರಿಗೆ ಕಮ್ಮಿ ಕೇಳುತ್ತೀರಿ. ಗಮನಿಸಿ ನೋಡಿ. ಸನ್‌ರೂಫ್ ಇರುವ ಕಾರಾದರೆ ಗಾಜಿನ ಹಿಂದೆ ಉಳಿದ ತಗಡಿನ ಮಧ್ಯಕ್ಕೆ ಇಡಿ.

145 ಮೆಗಾಹರ್ಟ್ಸಿಗೆ ಕಾಲು ತರಂಗದ ಕಡ್ಡಿ ಸುಮಾರು 49 ಸೆಂ.ಮೀ. ತರಂಗದ ಎಂಟರಲ್ಲಿ ಐದು ಪಾಲು ಉದ್ದದ ಕಡ್ಡಿ ಸುಮಾರು 1.2ರಿಂದ 1.3 ಮೀಟರ್. ಉದ್ದದ್ದು ಶಕ್ತಿಯನ್ನು ನೆಲಕ್ಕೆ ಸಮಾನಾಂತರವಾಗಿ ಚಪ್ಪಟೆ ಹರಡುತ್ತದೆ, ಹಾಗಾಗಿ ಹೆದ್ದಾರಿ 66ರ ಸಮತಟ್ಟಿನಲ್ಲಿ ಅದೇ ಮೇಲು. ಘಾಟಿಯಲ್ಲಿ ಎದುರಿನವರು ತಲೆಯ ಮೇಲೆ ಎಲ್ಲೋ ಗುಡ್ಡದಲ್ಲಿ ಇರುತ್ತಾರೆ, ಅಲ್ಲಿ ಗಿಡ್ಡ ಕಡ್ಡಿಯೇ ವಾಸಿ. ನಿಮಗೆ ದಿನವೂ ಮಂಗಳೂರು, ಯಾವಾಗಲೋ ಒಮ್ಮೆ ತೀರ್ಥಹಳ್ಳಿ, ಅಲ್ವಾ? ಉದ್ದದ್ದನ್ನು ಹಾಕಿಕೊಳ್ಳಿ. ಆದರೆ ಮಾಲಿನ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವ ಮೊದಲು ಮಡಚಲು ಮರೆಯಬೇಡಿ. ನನ್ನ ಇಷ್ಟ ಕೇಳಿದರೆ ಎರಡೂ ಇಟ್ಟುಕೊಳ್ಳಿ ಎನ್ನುತ್ತೇನೆ. ಗಿಡ್ಡ ಕಡ್ಡಿಗೆ ಹೆಚ್ಚು ದುಡ್ಡೇನೂ ಬೀಳುವುದಿಲ್ಲ.

ಕಡ್ಡಿಯ ಉದ್ದ ಹೊಂದಿಸಲು ಒಂದು ಎಸ್‌ಡಬ್ಲ್ಯೂಆರ್ ಮೀಟರ್ ಬೇಕು, ಆಂಟೆನಾ ಹೊಂದದೆ ಪವರ್ ಎಷ್ಟು ವಾಪಸ್ ಬರುತ್ತಿದೆ ಎಂದು ತೋರಿಸುವಂಥದ್ದು. ಸ್ವಂತದ್ದು ಇಲ್ಲದಿದ್ದರೆ ಮಂಗಳೂರಿನ ಹಿರಿಯ ಹ್ಯಾಮ್‌ಗಳನ್ನು ಕೇಳಿ, ಇಂಥದ್ದಕ್ಕೆ ಇಲ್ಲ ಅನ್ನುವವರು ಕಮ್ಮಿ. ಬಯಲು ಜಾಗದಲ್ಲಿ, ಬಾಗಿಲು ಮುಚ್ಚಿ, ಲೋ ಪವರಿನಲ್ಲಿ, ಖಾಲಿ ಇರುವ ಚಾನೆಲ್ ನೋಡಿಕೊಂಡು 144, 145, 146ರ ಆಸುಪಾಸು ಮೂರು ಕಡೆ ಅಳೆಯಿರಿ. ಎರಡು ತುದಿಯಲ್ಲೂ ಬ್ಯಾಂಡಿನ ಒಳಗೇ ಇರಬೇಕು. ಮೀಟರ್ ತೋರಿಸುವ ಅಂಕೆ 144ರ ಕಡೆ ಕಮ್ಮಿ ಇದ್ದರೆ ಕಡ್ಡಿ ಉದ್ದವಾಗಿದೆ, 146ರ ಕಡೆ ಕಮ್ಮಿ ಇದ್ದರೆ ಗಿಡ್ಡವಾಗಿದೆ. ಕತ್ತರಿಸುವಾಗ ಆತುರ ಬೇಡ. ಕಾಲು ತರಂಗದ ಕಡ್ಡಿಯಲ್ಲಿ ಒಂದು ಮಿಲಿಮೀಟರಿಗೆ ಸುಮಾರು 0.3 ಮೆಗಾಹರ್ಟ್ಸ್ ಸರಿಯುತ್ತದೆ. ನಮ್ಮ ಬ್ಯಾಂಡ್ 144ರಿಂದ 146, ಬರೀ ಎರಡು ಮೆಗಾಹರ್ಟ್ಸ್. ಏಳು ಮಿಲಿಮೀಟರ್ ಹೆಚ್ಚು ಕತ್ತರಿಸಿದರೆ ಬ್ಯಾಂಡನ್ನೇ ದಾಟಿಬಿಟ್ಟಿರಿ. ಎರಡು ಮಿಲಿಮೀಟರ್ ಕತ್ತರಿಸಿ, ಅಳೆದು, ಮತ್ತೆ ಕತ್ತರಿಸಿ. 1.5ರ ಒಳಗೆ ಬಂದರೆ ನಿಲ್ಲಿಸಿ. 1.1 ಬರಲಿ ಎಂದು ಹಟ ಹಿಡಿಯುವುದರಲ್ಲಿ ಅರ್ಥ ಇಲ್ಲ, ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಆಂಟೆನಾದ ಕೇಬಲ್ ಆರ್‌ಜಿ-58 ಎಂಬ ತೆಳು ಜಾತಿಯದ್ದಾದರೆ 5 ಮೀಟರಿಗೆ ಸುಮಾರು 1 ಡೆಸಿಬೆಲ್ ನಷ್ಟ, ಅಂದರೆ ಐದರಲ್ಲಿ ಒಂದು ಪಾಲು ಪವರ್ ಕೇಬಲಿನಲ್ಲೇ ಬಿಸಿಯಾಗಿ ಹೋಯಿತು. ಕಾರಿಗೆ ಅಷ್ಟು ಪರವಾಗಿಲ್ಲ. ಉಳಿದ ಕೇಬಲನ್ನು ಸೀಟಿನಡಿ ಸುರುಳಿ ಸುತ್ತಿ ಇಡುವ ಬದಲು ಅಳತೆಗೆ ಕತ್ತರಿಸಿ.

ಕೇಬಲ್ ಒಳಗೆ ಬರುವ ದಾರಿಯನ್ನು ಮಾತ್ರ ನಮ್ಮೂರಿನ ಮಳೆಯನ್ನು ನೆನೆದೇ ಆರಿಸಿ. ಚಾವಣಿಯಿಂದ ಇಳಿದ ಕೇಬಲ್ ಬಾಗಿಲಿನ ರಬ್ಬರಿನ ಸಂದಿನಲ್ಲಿ ನೇರ ಒಳಗೆ ನುಗ್ಗಿದರೆ ಮಳೆನೀರೂ ಅದನ್ನೇ ಹಿಡಿದುಕೊಂಡು ಒಳಗೆ ಇಳಿಯುತ್ತದೆ. ಕಾಲಡಿಯ ಮ್ಯಾಟ್ ಎತ್ತಿದಾಗ ಮಾತ್ರ ಗೊತ್ತಾಗುವ ನೀರು ಅದು. ಒಳಗೆ ಬರುವ ಜಾಗಕ್ಕಿಂತ ಕೆಳಗೆ ಕೇಬಲ್ ಒಂದು ಸಣ್ಣ ಬಾಗು ಬಳಸಿ ಮೇಲೇರಿ ಬರಬೇಕು. ಆಗ ಹನಿ ಆ ಬಾಗಿನ ತಳದಲ್ಲೇ ಉದುರಿಹೋಗುತ್ತದೆ. ಡಿಕ್ಕಿ ಬಾಗಿಲಿನ ಬದಿಯ ಕೆಳಭಾಗದಲ್ಲಿ ಇದಕ್ಕೆ ಜಾಗ ಸಿಗುತ್ತದೆ, ಅಲ್ಲಿ ಕೇಬಲ್ ಜಜ್ಜುವುದೂ ಕಮ್ಮಿ. ಮುಂದಿನ ಬಾಗಿಲಿನ ಕಂಬದ ಒಳಗೆ ತೂರಿಸುವುದಾದರೆ ಕರ್ಟನ್ ಏರ್‌ಬ್ಯಾಗಿನ ಎದುರಿಗೆ ಬಾರದ ಹಾಗೆ ಅದರ ಹಿಂದಿನಿಂದ ತೆಗೆದುಕೊಂಡು ಹೋಗಿ. ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಮುಚ್ಚಳದ ಮೇಲೆ ಸೆಟ್ಟನ್ನೋ ಮೈಕ್ ಕೊಕ್ಕೆಯನ್ನೋ ಸಿಗಿಸಲೇಬೇಡಿ, ಅಪಘಾತವಾದರೆ ಅದು ಸೀದಾ ಮುಖಕ್ಕೆ ಬಡಿಯುತ್ತದೆ.

ಆಂಟೆನಾ ಕೇಬಲಿನ ತುದಿಗೆ ಹಾಕುವ ಪಿಎಲ್-259 ಕನೆಕ್ಟರ್ ನೀರು ತಡೆಯುವುದಿಲ್ಲ. ಮಲ್ಪೆ, ಕಾಪು, ಪಣಂಬೂರು ಕಡೆ ಓಡಾಡುವ ಗಾಡಿಗಳಲ್ಲಿ ಒಂದು ಮಳೆಗಾಲ ಕಳೆದ ಕನೆಕ್ಟರ್ ಬಿಚ್ಚಿ ನೋಡಿ. ಒಳಗೆ ಹಸಿರು ಪುಡಿ ಕೂತಿರುತ್ತದೆ. ಕೇಬಲಿನ ಹೊರಜಾಲರಿ ಹೊಳಪು ಕಳೆದುಕೊಂಡು ಕಪ್ಪಗಾಗಿರುತ್ತದೆ. ಚಾಕುವಿನಿಂದ ಸಿಪ್ಪೆ ಬಿಡಿಸುತ್ತಾ ಹೋದರೆ ಕೆಲವೊಮ್ಮೆ ಒಂದು ಮೊಳ ದಾಟಿದ ಮೇಲೂ ಕಪ್ಪೇ ಸಿಗುತ್ತದೆ. ನೀರು ಜಾಲರಿಯ ಎಳೆಗಳ ನಡುವೆ ತಾನೇ ಹೀರಿಕೊಂಡು ಒಳಗೆ ನಡೆಯುತ್ತದೆ. ಅಂಥ ಕೇಬಲಿಗೆ ಹೊಸ ಕನೆಕ್ಟರ್ ಹಾಕಿ ಪ್ರಯೋಜನವಿಲ್ಲ, ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಬೇಕು ಅಥವಾ ಪೂರ್ತಿ ಬದಲಿಸಬೇಕು. ಮೊದಲೇ ತಡೆಯಬೇಕೆಂದರೆ ಎಳೆದು ಸುತ್ತಿದಾಗ ಒಂದಕ್ಕೊಂದು ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಮಾಮೂಲಿ ಪಿವಿಸಿ ಟೇಪ್ ಹಾಕಿ. ಪಿವಿಸಿ ಒಂದೇ ಸಾಲದು, ಏಪ್ರಿಲ್ ಬಿಸಿಲಿಗೆ ಅದರ ಅಂಟು ಕರಗಿ ಜಾರುತ್ತದೆ.

ಮ್ಯಾಗ್ನೆಟ್ ಮೌಂಟನ್ನು ವಾರಕ್ಕೊಮ್ಮೆ ಎತ್ತಿ ಅಡಿಯನ್ನೂ ಚಾವಣಿಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಅಡಿಯಲ್ಲಿ ಉಪ್ಪು, ಮರಳು, ಕಬ್ಬಿಣದ ಪುಡಿ ಸೇರಿ ಬಣ್ಣ ಕೆರೆಯುತ್ತವೆ, ಕೆರೆದಲ್ಲಿ ತುಕ್ಕು ಬೇರೂರುತ್ತದೆ. ಗುಡುಗು ಮಿಂಚಿನ ದಿನಗಳಲ್ಲಿ, ಏಪ್ರಿಲ್-ಮೇ ಸಂಜೆಗಳಲ್ಲಿ ಹೆಚ್ಚಾಗಿ, ಕಾರು ನಿಲ್ಲಿಸಿದಾಗ ಆಂಟೆನಾ ಕೇಬಲನ್ನು ಸೆಟ್ಟಿನಿಂದ ಬಿಚ್ಚಿಡಿ.

ಈಗ ಹೆಬ್ರಿ. ಅಲ್ಲಿ ಸಿಗ್ನಲ್ ಹೋಗುವುದಕ್ಕೆ ನೀವು ಮಾಡಬಹುದಾದ್ದು ಹೆಚ್ಚಿಲ್ಲ. ಎರಡು ಮೀಟರ್ ಬ್ಯಾಂಡ್ ಹೆಚ್ಚುಕಡಿಮೆ ಕಣ್ಣೋಟದ ನೇರಕ್ಕೆ ಹೋಗುವಂಥದ್ದು. ನೆಲದಿಂದ ಎರಡು ಮೀಟರ್ ಎತ್ತರದ ಆಂಟೆನಾಗಳಿರುವ ಎರಡು ಕಾರುಗಳ ನಡುವೆ, ಬಯಲಿನಲ್ಲೂ, ಸುಮಾರು 12 ಕಿ.ಮೀ. ಅದೇ ಎದುರಿನ ರಿಪೀಟರ್ (ನಮ್ಮ ಸಿಗ್ನಲ್ ಹಿಡಿದು ಮತ್ತೆ ಬಿತ್ತರಿಸುವ ಸ್ಟೇಷನ್) 100 ಮೀಟರ್ ಎತ್ತರದ ಗುಡ್ಡದ ಮೇಲಿದ್ದರೆ 45 ಕಿ.ಮೀ. ದಾಟುತ್ತದೆ. ಎತ್ತರವೇ ಎಲ್ಲ. ನೀವು ಹಿರಿಯಡಕ, ಹೆಬ್ರಿ, ಸೋಮೇಶ್ವರ ದಾಟುತ್ತಾ ಘಟ್ಟದ ಬುಡಕ್ಕೆ ಹೋದಂತೆ ಗುಡ್ಡ, ಕಾಡು ಸುತ್ತುವರಿಯುತ್ತವೆ. ಅಲ್ಲಿ 50 ವ್ಯಾಟೂ ಅಷ್ಟೆ, 500 ವ್ಯಾಟೂ ಅಷ್ಟೆ. ಹೇರ್‌ಪಿನ್ ತಿರುವುಗಳಲ್ಲಿ ಸಿಗ್ನಲ್ ಒಂದು ತಿರುವಿಗೆ ಬಂದು ಇನ್ನೊಂದು ತಿರುವಿಗೆ ಹೋಗುತ್ತದೆ. ಆದರೆ ಆಗುಂಬೆಯ ಸೂರ್ಯಾಸ್ತ ನೋಡುವ ಕಟ್ಟೆಯ ಹತ್ತಿರ ಕಾರು ನಿಲ್ಲಿಸಿ ಒಮ್ಮೆ ಕರೆದು ನೋಡಿ. ಸುಮಾರು 650 ಮೀಟರ್ ಎತ್ತರ, ಪಶ್ಚಿಮಕ್ಕೆ ಪೂರ್ತಿ ಬಯಲು, ಲೆಕ್ಕದ ಪ್ರಕಾರ ದೃಷ್ಟಿ 100 ಕಿ.ಮೀ. ಮೇಲೆ ಹೋಗುತ್ತದೆ. ಲೋ ಪವರಿನಲ್ಲೇ ಉಡುಪಿಯವರ ಜತೆ ನೇರವಾಗಿ, ರಿಪೀಟರ್ ಇಲ್ಲದೆ ಮಾತಾಡಬಹುದು. ಅಲ್ಲಿಂದ ತೀರ್ಥಹಳ್ಳಿ ಕಡೆ ಇಳಿದರೆ ಮತ್ತೆ ಗುಡ್ಡ ಅಡ್ಡ ಬರುತ್ತದೆ.

ಓಡುವ ಕಾರಿನಲ್ಲಿ ಸಿಗ್ನಲ್ ಪಟಪಟ ಕಡಿದಂತೆ ಕೇಳುವುದು ದೋಷ ಅಲ್ಲ. ನೇರ ಬಂದ ತರಂಗವೂ ಕಟ್ಟಡ, ಗುಡ್ಡಕ್ಕೆ ಬಡಿದು ಬಂದದ್ದೂ ಸೇರುವಾಗ ಸುಮಾರು ಒಂದೊಂದು ಮೀಟರಿಗೆ ಒಂದು ಖಾಲಿ ಜಾಗ ಬೀಳುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹದಿನೇಳು ಅಂಥ ಜಾಗ ದಾಟುತ್ತೀರಿ. ಟ್ರಾಫಿಕ್ ಸಿಗ್ನಲಿನಲ್ಲಿ ನಿಂತಾಗ ಧ್ವನಿ ಪೂರ್ತಿ ಹೋಯಿತು ಅಂದರೆ ನೀವು ಅಂಥ ಖಾಲಿಯ ಮೇಲೇ ನಿಂತಿದ್ದೀರಿ. ಅರ್ಧ ಮೀಟರ್ ಮುಂದೆ ಸರಿದರೆ ಬರುತ್ತದೆ. ಹೊಸಬರು ಇದಕ್ಕೇ ಗಾಬರಿಯಾಗಿ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗಿನ ಗದ್ದಲ ಮುಚ್ಚುವ ಗುಂಡಿ) ತಿರುಗಿಸುತ್ತಾ ಕೂರುತ್ತಾರೆ.

ಮುಂದೆ ಶಾರ್ಟ್‌ವೇವಿನ 40 ಮೀಟರ್ ಬ್ಯಾಂಡಿಗೆ ಕೈ ಹಾಕುವ ಆಸೆ ಬರಬಹುದು, ಬರಲಿ. ಆದರೆ ಅಲ್ಲಿ ಕಾಲು ತರಂಗ ಅಂದರೇ 10 ಮೀಟರ್ ಉದ್ದ. ಕಾರಿನ ಎರಡೂವರೆ ಮೀಟರ್ ಕಡ್ಡಿಗೆ ಕಾಯಿಲ್ ಸೇರಿಸಿ ಹೊಂದಿಸಿದರೆ 100 ವ್ಯಾಟಿನಲ್ಲಿ ಹೊರಬೀಳುವುದು ಕೆಲವೇ ವ್ಯಾಟ್. ಕಡಲಿನ ಅಂಚಿನಲ್ಲಿ ಮಾತ್ರ ಕಥೆ ಬೇರೆ. ಉಪ್ಪುನೀರು ಶಾರ್ಟ್‌ವೇವಿಗೆ ಅತ್ಯುತ್ತಮ ನೆಲ. ಮರವಂತೆಯಲ್ಲಿ ಹೆದ್ದಾರಿ ಬಿಟ್ಟು ಸುರಕ್ಷಿತವಾಗಿ ಕಾರು ನಿಲ್ಲಿಸಿ, ಕಡಲ ಕಡೆ ಆಂಟೆನಾ ಇಟ್ಟು ಸಂಜೆ ಕರೆದರೆ ಸಿಗುವ ಖುಷಿಯನ್ನು ನೀವೂ ಒಮ್ಮೆ ಅನುಭವಿಸಬೇಕು.

ಮಾತಾಡುವ ರೀತಿ ನಿಮಗೆ ಪರೀಕ್ಷೆಗೆ ಓದಿ ಗೊತ್ತಿದೆ. ಮೊಬೈಲಿನಲ್ಲಿ ಹೊಸತಾಗಿ ಬೇಕಾದ್ದು ಸ್ವಲ್ಪ. ಮೊದಲು ಕೇಳಿ. ರಿಪೀಟರಿಗೆ ಸಾಮಾನ್ಯವಾಗಿ ಅದನ್ನು ಕೇಳುವ ಆವರ್ತನಕ್ಕಿಂತ 600 ಕಿಲೋಹರ್ಟ್ಸ್ ಕೆಳಗಿನಿಂದ ಕಳಿಸಬೇಕು, ಟೋನ್ (ರಿಪೀಟರನ್ನು ಎಬ್ಬಿಸುವ ಸ್ವರ) ಬೇಕಿದ್ದರೆ ಅದನ್ನೂ ಮನೆಯಲ್ಲೇ ಮೆಮೊರಿಗೆ ಹಾಕಿಟ್ಟುಕೊಳ್ಳಿ. ಓಡಿಸುತ್ತಾ ಮೆನು ತಿರುಗಿಸಬೇಡಿ. ಮೈಕ್ ಒತ್ತಿ ಅರ್ಧ ಸೆಕೆಂಡ್ ಬಿಟ್ಟು ಮಾತು ಶುರು ಮಾಡಿ, ಇಲ್ಲದಿದ್ದರೆ ಕಾಲ್ ಸೈನಿನ (ಲೈಸೆನ್ಸಿನಲ್ಲಿ ಕೊಟ್ಟ ನಿಮ್ಮ ಗುರುತಿನ ಅಕ್ಷರಗಳ) ಮೊದಲ ಅಕ್ಷರವೇ ಹೋಗುತ್ತದೆ. ಮೈಕ್ ಬಾಯಿಂದ ನಾಲ್ಕು ಬೆರಳು ದೂರ ಇರಲಿ, ಗಾಜು ಏರಿಸಿ, ಎಸಿ ಫ್ಯಾನ್ ತಗ್ಗಿಸಿ. ಕಾಲ್ ಸೈನಿನ ಕೊನೆಗೆ ಮೊಬೈಲ್ ಅಂತ ಸೇರಿಸಿದರೆ ಸಿಗ್ನಲ್ ಯಾಕೆ ಕಡಿಯುತ್ತಿದೆ ಎಂದು ಎದುರಿನವರಿಗೆ ಅರ್ಥವಾಗುತ್ತದೆ, ಮಾತನ್ನು ಚಿಕ್ಕದು ಮಾಡುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಸೆಟ್ ಪೂರ್ತಿ ಆಫ್ ಮಾಡಿ.

ಕೈಯಲ್ಲಿ ಮೈಕ್ ಹಿಡಿದು ಓಡಿಸುವುದನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಬೇಡಿ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೈಯಲ್ಲಿ ಸಂಪರ್ಕ ಸಾಧನ ಹಿಡಿದು ಓಡಿಸುವುದು 184ನೇ ಸೆಕ್ಷನ್ನಿನಡಿ ಅಪಾಯಕಾರಿ ಚಾಲನೆ. ನಾವು ಲೈಸೆನ್ಸ್ ಇರುವ ಹ್ಯಾಮ್ ಅಂತ ವಾದ ಮಾಡುವ ಜಾಗ ಅದಲ್ಲ ಮಾರಾಯ್ರೆ. ಹೆದ್ದಾರಿ 66ರಲ್ಲಿ ಹಿಂದಿನಿಂದ ಬಸ್ಸು ಬರುವ ವೇಗ ನಿಮಗೇ ಗೊತ್ತು. ಕೇಳುತ್ತಾ ಹೋಗಿ, ಉತ್ತರ ಕೊಡಬೇಕಾದರೆ ಬದಿಗೆ ನಿಲ್ಲಿಸಿ, ಇಲ್ಲವೇ ಲೈಸೆನ್ಸ್ ಇರುವವರು ಪಕ್ಕದ ಸೀಟಿನಲ್ಲಿದ್ದರೆ ಅವರು ಮಾತಾಡಲಿ.

ಕಾಗದ ಪತ್ರ ಕೊನೆಯ ವಿಷಯ. ವಾಹನದಲ್ಲಿ ಬಳಸುವ ಬಗ್ಗೆ, ಎಷ್ಟು ವ್ಯಾಟ್ ಎಂಬುದರ ಬಗ್ಗೆ ನಿಮ್ಮ ಲೈಸೆನ್ಸಿನಲ್ಲಿ ಏನು ಷರತ್ತು ಬರೆದಿದೆ ಎಂದು ಸರಿಯಾಗಿ ಓದಿ, ಅದರೊಳಗೇ ಇರಿ. ಬೇಕಾದ ಅನುಮತಿ ಅದರಲ್ಲಿ ಕಾಣದಿದ್ದರೆ ಡಬ್ಲ್ಯೂಪಿಸಿಗೆ (ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ವಿಭಾಗ) ಬರೆದು ಪಡೆದುಕೊಂಡು ಆಮೇಲೆ ಮೈಕ್ ಒತ್ತಿ. ಸ್ನೇಹಿತರಿಂದ ಕೊಂಡ ಸೆಟ್ಟಿಗೆ ಮಾದರಿ, ಸೀರಿಯಲ್ ನಂಬರ್, ಇಬ್ಬರ ಕಾಲ್ ಸೈನ್ ಇರುವ ಒಂದು ಪತ್ರ ಬರೆಸಿಕೊಳ್ಳಿ. ಅದರ ಪ್ರತಿ, ಲೈಸೆನ್ಸಿನ ಪ್ರತಿ ಎರಡನ್ನೂ ಆರ್‌ಸಿ ಜತೆ ಕಾರಿನಲ್ಲೇ ಇಡಿ. ಪಣಂಬೂರಿನ ಬಂದರು, ವಿಮಾನ ನಿಲ್ದಾಣದ ಕಡೆ ಉದ್ದದ ಆಂಟೆನಾ ನೋಡಿ ಯಾರಾದರೂ ವಿಚಾರಿಸಿದರೆ ಅವರ ಕೆಲಸ ಅವರು ಮಾಡುತ್ತಿದ್ದಾರೆ. ಸಮಾಧಾನವಾಗಿ ತೋರಿಸಿ. ಮೀನುಗಾರಿಕೆ ದೋಣಿ, ಹಡಗುಗಳ 156.8 ಮೆಗಾಹರ್ಟ್ಸಿನ 16ನೇ ಚಾನೆಲ್ಲಿನಲ್ಲಿ ಮಾತಾಡಲು ನಮ್ಮ ಲೈಸೆನ್ಸಿನಲ್ಲಿ ಜಾಗ ಇಲ್ಲ, ಆ ಆವರ್ತನವನ್ನು ಸೆಟ್ಟಿನ ಮೆಮೊರಿಗೆ ಹಾಕಲೇಬೇಡಿ.